ಮಕ್ಕಳ ನಾಡು, ಹೆತ್ತವರ ನೆಲೆ

ಮಸ್ಕಿಯ ಹೆಸರನ್ನು ಕೇಳದ ವಿದ್ಯಾವಂತ ಕನ್ನಡಿಗರು ವಿರಳ. 1915ರಲ್ಲಿ ಅಲ್ಲಿಯ ಬಂಡೆಯ ಮೇಲೆ ‘ಅಶೋಕ’ ಎಂಬ ಹೆಸರೇ ಕಂಡುಬಂದು, ‘ದೇವಾನಾಂಪ್ರಿಯ’ನೆಂಬ ಅರಸನು ಯಾರೆಂಬ ಸಂದೇಹ ಬಗೆಹರಿಯಿತು. ಅದೇ ಅರಸನ ಇನ್ನೊಂದು ಶಾಸನ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿದೆ. ತಾಯ್ತಂದೆಯರ ಮಾತಿನಂತೆ ನಡೆಯಬೇಕೆಂಬ ವಿಧಿ ಅದರಲ್ಲುಂಟು. ಹೆತ್ತವರ ಸೇವೆಯನ್ನು ಮಕ್ಕಳಿಗೆ ವಿಧಿಸುವ ರಾಜಾಜ್ಞೆ ನಮ್ಮ ನಾಡಿನಲ್ಲಿ ಹೀಗೆ ಎರಡು ಸಾವಿರ ವರ್ಷಗಳಿಗಿಂತ ಹಳೆಯದು. ಆದರೆ, ಮಗನು ಒಂದು ನಾಡಿನ ಪ್ರಜೆಯಾಗಿದ್ದು ಹೆತ್ತವರು ಆ ನಾಡಿನವರಲ್ಲದಿದ್ದರೆ, ಅವರಿಗೆ ಅಲ್ಲಿ ಖಾಯಂ ನೆಲೆಯನ್ನು ಕೊಡಿಸುವ ಹಕ್ಕು ಮಗನಿಗುಂಟೆ? ಇದು ಬೇರೆಯೇ ಪ್ರಶ್ನೆ.

ಲಿಂಗಸುಗೂರಿನಲ್ಲಿ ಕನ್ನಡ ಪಾಠ ಹೇಳುವ ನನಗೆ ಈ ಪ್ರಶ್ನೆ ಎರಡು ಕಡೆಯಿಂದ ಎದುರಾಗುತ್ತದೆ. ಅಮೆರಿಕದಲ್ಲಿ ನೆಲೆಸಿದ ಹಳೆಯ ವಿದ್ಯಾರ್ಥಿಗಳು ತಾಯ್ತಂದೆಯರನ್ನು ಕರೆಸಿಕೊಳ್ಳಲು ಜನನ ಪತ್ರ, ಶಾಲೆಯ ದಾಖಲೆಗಳೆಂದು ಇಲ್ಲಿಯ ಕಚೇರಿಗಳಿಗೆ ಅಲೆಯುತ್ತಾರೆ. ಸಿಂಧನೂರಿನ ಕ್ಯಾಂಪುಗಳಿಂದ ಬರುವ, ಮನೆಯಲ್ಲಿ ಬಂಗಾಳಿ ಆಡುವ ಹುಡುಗರು ತಮ್ಮ ಅಜ್ಜ ಅಜ್ಜಿಯರ ಕಾಗದಪತ್ರಗಳ ಮಾತೆತ್ತುತ್ತಾರೆ. ಎರಡೂ ಒಂದೇ ಕಥೆಯ ಎರಡು ಕವಲುಗಳೆಂದು ನನಗೆ ತೋರುತ್ತದೆ.

ಮೊದಲು ನಮ್ಮ ಸೀಮೆಯ ಹಳೆಯ ಕಾನೂನನ್ನು ನೋಡೋಣ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ರಾಯಚೂರು ಜಿಲ್ಲೆ ಹೈದರಾಬಾದು ರಾಜ್ಯಕ್ಕೆ ಸೇರಿತ್ತು. ನಿಜಾಮ ಸರಕಾರದ 1919ರ ನಿಯಮಗಳು ‘ಮುಲ್ಕಿ’ ಯಾರು, ‘ಗೈರ್ ಮುಲ್ಕಿ’ ಯಾರು ಎಂಬುದನ್ನು ಗೊತ್ತುಪಡಿಸಿದ್ದವು. ತಂದೆ ಮುಲ್ಕಿಯಾಗಿದ್ದರೆ ಮಗನೂ ಮುಲ್ಕಿ; ಗಂಡ ಮುಲ್ಕಿಯಾಗಿದ್ದರೆ ಹೆಂಡತಿಯೂ ಮುಲ್ಕಿ. ಹೊರಗಿನವನು ಹದಿನೈದು ವರ್ಷ ಇಲ್ಲೇ ವಾಸವಾಗಿದ್ದು, ಹಿಂದಿನ ಊರಿಗೆ ಮರಳುವ ವಿಚಾರವನ್ನು ಬಿಟ್ಟೆನೆಂದು ಮ್ಯಾಜಿಸ್ಟ್ರೇಟರ ಮುಂದೆ ಪ್ರಮಾಣಪತ್ರ ಬರೆದುಕೊಟ್ಟರೆ ಅವನೂ ಮುಲ್ಕಿಯಾಗಬಹುದಿತ್ತು. ಆದರೆ ಮಗನು ಮುಲ್ಕಿಯೆಂಬ ಕಾರಣದಿಂದ ತಾಯಿಯನ್ನು ಮುಲ್ಕಿಯೆಂದು ಎಣಿಸುವ ಮಾತು ಅಲ್ಲಿರಲಿಲ್ಲ. ಹಕ್ಕು ಕಾಲುವೆಯ ನೀರಿನಂತೆ ಮೇಲಿನಿಂದ ಕೆಳಕ್ಕೆ ಹರಿಯಿತೇ ಹೊರತು ಕೆಳಗಿನಿಂದ ಮೇಲಕ್ಕೆ ಏರಲಿಲ್ಲ.

ತುಂಗಭದ್ರಾ ಎಡದಂಡೆಯ ಕಾಲುವೆಗೆ ನೀರು ಬಂದ ಮೇಲೆ ಸಿಂಧನೂರಿನ ಚಹರೆಯೇ ಬದಲಾಯಿತು. ಜೋಳದ ಹೊಲಗಳು ಭತ್ತದ ಗದ್ದೆಗಳಾದುವು. ಆಂಧ್ರದ ರೈತರು ಬಂದು ನೆಲೆಸಿದ ವಸತಿಗಳಿಗೆ ಜನರು ‘ಕ್ಯಾಂಪು’ ಎಂದರು. 1971ರ ಆಸುಪಾಸಿನಲ್ಲಿ, ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಹಿಂದೂಗಳನ್ನೂ ಬರ್ಮಾದಿಂದ ಮರಳಿದವರನ್ನೂ ಸರಕಾರವು ಇಲ್ಲಿಗೇ ಕರೆತಂದು ಭೂಮಿ ಕೊಟ್ಟು ನೆಲೆಗೊಳಿಸಿತು. ಅವೇ ಇಂದಿನ ಆರ್. ಎಚ್. ಕ್ಯಾಂಪುಗಳು. ಭೂಮಿಯೇನೋ ದೊರೆಯಿತು, ಪೌರತ್ವದ ಪತ್ರ ಮಾತ್ರ ಎಲ್ಲರಿಗೂ ದೊರೆಯಲಿಲ್ಲ.

ಇಲ್ಲಿ ಕಾನೂನಿನ ಒಂದು ವಿಚಿತ್ರವನ್ನು ವಾಚಕರು ಗಮನಿಸಬೇಕು. 1955ರ ಪೌರತ್ವ ಕಾಯಿದೆಯ ಪ್ರಕಾರ 1950ರ ಜನವರಿ 26ರಿಂದ 1987ರ ಜೂನ್ 30ರವರೆಗೆ ಭಾರತದಲ್ಲಿ ಹುಟ್ಟಿದವರು, ತಂದೆ ತಾಯಿ ಯಾರೇ ಇರಲಿ, ಕೆಲವೇ ಅಪವಾದಗಳನ್ನು ಬಿಟ್ಟರೆ, ಹುಟ್ಟಿನಿಂದಲೇ ಪ್ರಜೆಗಳು. ಅನಂತರ ಹುಟ್ಟಿದವರಿಗೆ ತಂದೆ ತಾಯಿಯರಲ್ಲಿ ಒಬ್ಬರಾದರೂ ಪ್ರಜೆಯಾಗಿರಬೇಕು. 2004ರ ಡಿಸೆಂಬರಿನಿಂದೀಚೆಗೆ ಹುಟ್ಟಿದವರಿಗೆ ನಿಯಮ ಇನ್ನೂ ಬಿಗಿ: ಇಬ್ಬರೂ ಪ್ರಜೆಗಳಾಗಿರಬೇಕು, ಇಲ್ಲವೆ ಒಬ್ಬರು ಪ್ರಜೆಯಾಗಿದ್ದು ಇನ್ನೊಬ್ಬರು ಅಕ್ರಮ ವಲಸೆಗಾರರಾಗಿರಬಾರದು. ಪೌರತ್ವದ ಪತ್ರ ದೊರೆಯದ ದಂಪತಿಗಳ ಒಂದು ಮನೆಯನ್ನು ಊಹಿಸಿಕೊಳ್ಳಿ. 1975ರಲ್ಲಿ ಹುಟ್ಟಿದ ಅಣ್ಣ ಪ್ರಜೆ. 1990ರಲ್ಲಿ ಹುಟ್ಟಿದ ತಮ್ಮ ಅಲ್ಲ. ಇಬ್ಬರನ್ನೂ ಹೆತ್ತು ಸಾಕಿದ ತಾಯಿಯೂ ಅಲ್ಲ. ಒಂದೇ ಒಲೆಯ ಅನ್ನವನ್ನುಂಡವರು ಕಾಗದದಲ್ಲಿ ಬೇರೆ ಬೇರೆ.

ಪ್ರಜೆಯಾದ ಆ ಅಣ್ಣನು ತಾಯಿಗಾಗಿ ಅರ್ಜಿ ಹಾಕಬಹುದೆ? ಕಾಯಿದೆಯ ಐದನೆಯ ಕಲಮನ್ನು ಓದಿ ನೋಡಿದರೆ, ಪ್ರಜೆಯನ್ನು ಮದುವೆಯಾದವರಿಗೆ, ಪ್ರಜೆಗಳ ಅಪ್ರಾಪ್ತ ಮಕ್ಕಳಿಗೆ, ನೋಂದಣಿಯಿಂದ ಪ್ರಜೆಗಳಾದವರ ವಯಸ್ಕ ಮಕ್ಕಳಿಗೆ ಅಲ್ಲಿ ದಾರಿಯುಂಟು. ಪ್ರಜೆಯ ತಾಯ್ತಂದೆಯರಿಗೆ, ಅದೇ ನಂಟಿನ ಬಲದಿಂದ, ದಾರಿಯಿಲ್ಲ. ಅವರು ತಮ್ಮ ಸ್ವಂತ ಚರಿತ್ರೆಯನ್ನೇ ಸಿದ್ಧಪಡಿಸಬೇಕು: ಎಲ್ಲಿ ಹುಟ್ಟಿದರು, ಎಂದು ಬಂದರು, ಯಾವ ಕಾಗದದಿಂದ ಬಂದರು. 2003ರ ತಿದ್ದುಪಡಿ ಕಾಗದವಿಲ್ಲದವರಿಗೆ ಈ ಬಾಗಿಲನ್ನು ಮುಚ್ಚಿತು. 2019ರ ತಿದ್ದುಪಡಿ ಮೂರು ದೇಶಗಳಿಂದ ಬಂದ ಆರು ಮತಗಳವರಿಗೆ ಮಾತ್ರ ಅದನ್ನು ತೆರೆಯಿತು. ಆ ವಿಂಗಡಣೆಯ ಬಗ್ಗೆ ದೇಶದಲ್ಲಿ ದೊಡ್ಡ ವಿವಾದವೇ ಎದ್ದಿತು. ನಿಯಮಗಳು 2024ರ ಮಾರ್ಚಿನಲ್ಲಿ ಹೊರಬಿದ್ದುವು. ಅದೇ ವರ್ಷ ಸಿಂಧನೂರಿನ ಕ್ಯಾಂಪಿನ ಕೆಲವರ ಕೈಗೆ ಪತ್ರ ಬಂತು. ಬಂದು ಅರ್ಧ ಶತಮಾನ ಕಳೆದಿತ್ತು. ಆಗಲೂ ಅದು ಮಕ್ಕಳ ಮೂಲಕ ಬಂದುದಲ್ಲ.

ಅಮೆರಿಕದ ಚರಿತ್ರೆ ಇನ್ನೊಂದು ಬಗೆಯದು. 1923ರಲ್ಲಿ ಭಗತ್ ಸಿಂಗ್ ಥಿಂಡರ ಮೊಕದ್ದಮೆಯಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಭಾರತೀಯರು ಪ್ರಜೆಗಳಾಗಲು ಅರ್ಹರಲ್ಲವೆಂದು ತೀರ್ಪಿತ್ತಿತು. ತಾನೇ ಪ್ರಜೆಯಾಗದವನು ಹೆತ್ತವರನ್ನು ಕರೆಸುವುದೆಲ್ಲಿ ಬಂತು? 1946ರಲ್ಲಿ ಆ ಅಡ್ಡಿ ತೊಲಗಿತಾದರೂ ವರ್ಷಕ್ಕೆ ಬರಬಹುದಾದ ಭಾರತೀಯರ ಸಂಖ್ಯೆಯನ್ನು ಸುಮಾರು ನೂರಕ್ಕೆ ಕಟ್ಟಿಹಾಕಿದರು. 1965ರ ಕಾಯಿದೆ ಈ ರಾಷ್ಟ್ರವಾರು ಲೆಕ್ಕವನ್ನು ಕಿತ್ತುಹಾಕಿ, ಇಪ್ಪತ್ತೊಂದು ವರ್ಷ ತುಂಬಿದ ಪ್ರಜೆಯ ತಾಯ್ತಂದೆಯರನ್ನು ಗಂಡ, ಹೆಂಡತಿ, ಎಳೆಯ ಮಕ್ಕಳ ಸಾಲಿನಲ್ಲೇ ಕೂರಿಸಿತು. ಅವರಿಗೆ ವಾರ್ಷಿಕ ಮಿತಿಯಿಲ್ಲ. ಕೆಳಗಿನಿಂದ ಮೇಲಕ್ಕೇರುವ ಹಕ್ಕು ಅಲ್ಲಿ ಹೀಗೆ ಗಟ್ಟಿಯಾಯಿತು.

ಈ ಹಕ್ಕು ಪುಕ್ಕಟೆಯದಲ್ಲ. ತನ್ನ ವರಮಾನವು ಸರಕಾರ ಗೊತ್ತುಮಾಡಿದ ಬಡತನದ ರೇಖೆಯ ನೂರಿಪ್ಪತ್ತೈದು ಭಾಗದಷ್ಟಾದರೂ ಇದೆಯೆಂದು ತೋರಿಸಿ, ಹೆತ್ತವರನ್ನು ಸಾಕುವೆನೆಂದು ಮಗ ಅಥವಾ ಮಗಳು ಕಾನೂನುಬದ್ಧ ಮುಚ್ಚಳಿಕೆ ಬರೆದುಕೊಡಬೇಕು. ಬಂದವರೂ ಅಲ್ಲೇ ನೆಲೆಸಬೇಕು. ಮುಂಚಿತವಾಗಿ ಅನುಮತಿ ಪಡೆಯದೆ ಒಂದು ವರ್ಷ ಹೊರಗಿದ್ದರೆ ಆ ಗ್ರೀನ್ ಕಾರ್ಡಿಗೆ ಕುತ್ತು. ಇತ್ತ ಹೊಲಮನೆ, ಅತ್ತ ಮೊಮ್ಮಕ್ಕಳು. ಎರಡು ದಡಗಳ ನಡುವೆ ತೂಗಾಡಿ, ಕೊನೆಗೆ ಕಾರ್ಡನ್ನು ಹಿಂದಿರುಗಿಸಿ ಊರು ಸೇರಿದ ಹಿರಿಯರೂ ಇದ್ದಾರೆ. ಆದರೂ ಆಯ್ಕೆ ಅವರದಾಗಿತ್ತು. ಕ್ಯಾಂಪಿನ ಮುದುಕಿಗೆ ಅಂಥ ಆಯ್ಕೆ ಎಲ್ಲಿತ್ತು?

ನಮ್ಮ ಕಾನೂನಿಗೆ ಮಕ್ಕಳ ಧರ್ಮ ತಿಳಿಯದೆಂದಲ್ಲ. 2007ರ ಕಾಯಿದೆ ಮಕ್ಕಳು ವೃದ್ಧ ತಾಯ್ತಂದೆಯರನ್ನು ಸಾಕಲೇಬೇಕೆಂದು ಕಟ್ಟುಮಾಡುತ್ತದೆ. ಅಂದಮೇಲೆ ಹೊಣೆ ಕೆಳಗಿನಿಂದ ಮೇಲಕ್ಕೇರುತ್ತದೆ, ಹಕ್ಕು ಮಾತ್ರ ಏರುವುದಿಲ್ಲ. ಶ್ರವಣಕುಮಾರನ ಹೆಗಲ ಮೇಲೆ ಕಾವಡಿಯನ್ನಿಟ್ಟು, ಅವನು ಮುಟ್ಟುವ ಊರಿನಲ್ಲಿ ಅವನಿಗೆ ಮಾತ್ರ ಪ್ರವೇಶವೆಂದಂತಾಯಿತು.

ಹೀಗೆ ದಾರಿ ಬಿಟ್ಟರೆ ಗಡಿ ದಾಟಿ ಬಂದು ಮಗುವನ್ನು ಹೆತ್ತವರೆಲ್ಲ ಪ್ರಜೆಗಳಾದಾರೆಂದು ಕೆಲವರು ಆಕ್ಷೇಪಿಸಬಹುದು. ಈಗಿನ ನಿಯಮದಂತೆ ಅಂಥ ಮಗುವೇ ಪ್ರಜೆಯಾಗದಿರುವುದರಿಂದ ಈ ಭಯಕ್ಕೆ ಆಧಾರವಿಲ್ಲ. ವಯಸ್ಕನಾದ ಪ್ರಜೆ ಸಾಕುವ ಹೊಣೆ ಹೊತ್ತು ಅರ್ಜಿಯಿಟ್ಟಾಗ, ದೀರ್ಘಕಾಲ ಇಲ್ಲೇ ಬಾಳಿದ ಅವನ ಹೆತ್ತವರಿಗೆ ನೆಲೆಯ ಹಕ್ಕು ಕೊಡುವ ಒಂದು ಉಪಕಲಮನ್ನು ಐದನೆಯ ಕಲಮಿಗೆ ಸೇರಿಸುವುದು ಅಸಾಧ್ಯವೇನಲ್ಲ. ಐವತ್ತು ವರ್ಷಗಳ ಹಿಂದೆ ಸಿಂಧನೂರಿಗೆ ಬಂದವರಲ್ಲಿ ಉಳಿದಿರುವವರು ಈಗ ಮುಪ್ಪಿನಲ್ಲಿದ್ದಾರೆ. ಮಾಡುವುದಾದರೆ ಬೇಗ ಮಾಡಬೇಕು.