ಕೆಜಿಎಫ್ ಸೈನೈಡ್ ದಿಬ್ಬದಲ್ಲಿ ಮೆಟಲ್ ಡಿಟೆಕ್ಟರ್‌ಗೆ ಚಿನ್ನ ಸಿಗುತ್ತದೆಯೇ?

‘ದೊಡ್ಡ ಕಾಯಿಲ್ ಹಾಕಿ, ಫ್ರೀಕ್ವೆನ್ಸಿ ಸರಿಯಾಗಿ ಇಟ್ಟರೆ ಕೆಜಿಎಫ್ ಮಣ್ಣಲ್ಲಿ ಚಿನ್ನ ಸಿಗುತ್ತೆ’ ಎಂಬ ಮಾತನ್ನು ಫಾರ್ವರ್ಡ್ ಮಾಡುವ ಮೊದಲು ಇದನ್ನು ಓದಿ. ನಮ್ಮ ಉತ್ತರ: ಸಿಗುವುದಿಲ್ಲ.

ಡಿಟೆಕ್ಟರಿನ ಕಾಯಿಲ್ ಕಾಂತಕ್ಷೇತ್ರ ಉಂಟುಮಾಡುತ್ತದೆ. ಅದು ಲೋಹಕ್ಕೆ ತಾಗಿದರೆ ಲೋಹದೊಳಗೆ ಸಣ್ಣ ವಿದ್ಯುತ್ ಸುಳಿಗಳು ಏಳುತ್ತವೆ. ಅವುಗಳ ಸುಳಿವು ಸಿಕ್ಕಾಗ ಯಂತ್ರ ‘ಬೀಪ್’ ಎನ್ನುತ್ತದೆ. ದೊಡ್ಡ ಕಾಯಿಲ್ ತುಸು ಆಳಕ್ಕೆ ಹೋಗುತ್ತದೆ, ಆದರೆ ಸಣ್ಣ ಚೂರುಗಳನ್ನು ಬಿಟ್ಟುಬಿಡುತ್ತದೆ. ಸಣ್ಣ ಕಾಯಿಲ್ ಚೂರನ್ನೂ ಹಿಡಿಯುತ್ತದೆ, ಆಳಕ್ಕೆ ಇಳಿಯದು. ನಾಣ್ಯ ಹುಡುಕಲು 5ರಿಂದ 15 ಕಿಲೋಹರ್ಟ್ಸ್ ಸಾಕು. ಸಾಸಿವೆಯಂಥ ಚಿನ್ನಕ್ಕೆ 40ರ ಮೇಲಿದ್ದರೆ ಒಳ್ಳೆಯದು, ಆಗ ಮಣ್ಣಿನ ಖನಿಜಗಳ ಗದ್ದಲವೂ ಜೋರು. ಹೇಗೇ ಇಟ್ಟರೂ ಚಿನ್ನ ಒಂದು ಕಾಳಿನಷ್ಟಾದರೂ ಒಟ್ಟಿಗಿರಬೇಕು.

ದಿಬ್ಬದಲ್ಲಿ ಅದು ಹಾಗಿಲ್ಲ. ಅದಿರನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಪುಡಿ ಇದು. ಟನ್ನಿಗೆ ಒಂದು ಗ್ರಾಂ ಕೂಡ ಇಲ್ಲ, ಇರುವಷ್ಟೂ ಕಣ್ಣಿಗೆ ಕಾಣದ ಕಣ. ಬೀಪ್ ಬಂದರೆ ಹಳೆಯ ಮೊಳೆಯೋ ತಂತಿಯೋ ಇರಬೇಕು. ಉಳಿದ ಅದಿರು? 2001ರಲ್ಲಿ ಮುಚ್ಚಿದ ಈ ಗಣಿಗಳಲ್ಲಿ ಚಾಂಪಿಯನ್ ರೀಫ್ 3 ಕಿಲೋಮೀಟರಿಗೂ ಆಳ. ಡಿಟೆಕ್ಟರ್ ನಾಣ್ಯವನ್ನು ಗುರುತಿಸುವುದೇ ಒಂದಡಿ ಆಸುಪಾಸಿನಲ್ಲಿ.

(ಬಂಗಾರಪೇಟೆಯ ಹೆಸರು ನೋಡಿ ಅಲ್ಲಿ ಅಗೆಯಬೇಡಿ, ಅದು ಮೊದಲು ಕಮಿಷನರ್ ಬೌರಿಂಗ್ ಹೆಸರಿನ ಬೌರಿಂಗ್‌ಪೇಟೆ.)

2020ರ ಮೇನಲ್ಲಿ ಮಾರಿಕುಪ್ಪಂನ ಮುಚ್ಚಿದ ಗಣಿಗೆ ಇಳಿದ ಮೂವರು ಉಸಿರುಗಟ್ಟಿ ಸತ್ತರು. ಗಾಳಿಯಲ್ಲಿ ಆಮ್ಲಜನಕ ಕಡಿಮೆಯಾದರೆ ಈ ಯಂತ್ರಕ್ಕೆ ಗೊತ್ತಾಗುವುದಿಲ್ಲ. ಇನ್ನು ಬೇರೆಲ್ಲಾದರೂ ನೆಲದಲ್ಲಿ ಹೂತಿಟ್ಟ ನಿಧಿ ಸಿಕ್ಕರೆ, ಕಾನೂನಿನ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು.