ಒಂದೇ ಬಾಗಿಲಿನ ಮನೆ, ಹಿಡಿಸೂಡಿಯ ಚರಿತ್ರೆ

ಸಣ್ಣ ಫ್ಲ್ಯಾಟನ್ನು ದಿನಾ ಹೇಗೆ ಕ್ಲೀನಾಗಿ ಇಟ್ಕೋಬೇಕು ಅಂತ ಈಗ ಎಲ್ಲರೂ ಹೇಳಿಕೊಡ್ತಾರೆ. ಬೆಳಿಗ್ಗೆ ಇದು, ರಾತ್ರಿ ಅದು, ಶನಿವಾರ ಬಾತ್‌ರೂಮು. ಒಳ್ಳೇದೇ. ಆದರೆ ಈ ಟೈಮ್‌ಟೇಬಲ್ಲಿಗೆ ಒಂದು ಚರಿತ್ರೆ ಇದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ನಾವು ಅದನ್ನು ಮರೆಯಬಾರದು. ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಓದಿ.

ಮಲೆನಾಡಿನ ಹಳೇ ದೊಡ್ಡಮನೆಗಳನ್ನು ನೆನಪಿಸಿಕೊಳ್ಳಿ. ಮುಂದೆ ಅಂಗಳ, ಜಗಲಿ. ಒಳಗೆ ಅಡುಗೆಮನೆ, ದೇವರ ಕೋಣೆ. ಹಿಂದೆ ಬಚ್ಚಲು, ಕೊಟ್ಟಿಗೆ, ಗೊಬ್ಬರಗುಂಡಿ, ಹಿತ್ತಲು. ಅಲ್ಲೂ ದಿನಚರಿ ಇತ್ತು, ಬಹಳ ಕಟ್ಟುನಿಟ್ಟಿನ ದಿನಚರಿ. ಒಳಗಿನ ಕಸ, ಮುಸುರೆ, ನೆಲ ಸಾರಿಸೋದು ಮನೆ ಹೆಂಗಸರ ಪಾಲು. ಕೊಟ್ಟಿಗೆ ಬಾಚೋದು, ಸೊಪ್ಪಿನ ಬೆಟ್ಟದಿಂದ ಸೊಪ್ಪು ಹೊತ್ತು ತಂದು ದನಗಳ ಕಾಲಡಿ ಹಾಸೋದು, ಗೊಬ್ಬರ ಎತ್ತಿ ತೋಟಕ್ಕೆ ಹಾಕೋದು ಆಳುಗಳ ಪಾಲು. ಸತ್ತ ದನ ಎಳೆಯೋದು ನಮ್ಮ ಕೇರಿಯವರ ಪಾಲು.

ಯಾರ ಹಿಡಿಸೂಡಿ ಎಲ್ಲಿಗೆ ನಿಲ್ಲಬೇಕು ಅನ್ನೋದು ಹುಟ್ಟಿದಾಗಲೇ ತೀರ್ಮಾನ ಆಗಿರ್ತಿತ್ತು. ಅಂಗಳ ಗುಡಿಸಿದವರು ಜಗಲಿ ಹತ್ತುವ ಹಾಗಿಲ್ಲ. ಅವರಿಗೆ ಕಾಫಿ ಕರಟದಲ್ಲಿ, ಅದೂ ಮೇಲಿಂದ ಹೊಯ್ಯೋದು. ಗಲೀಜು ಮಾಡಿದವರು ಮಡಿ, ಅದನ್ನು ತೆಗೆದವರು ಮೈಲಿಗೆ! ಮಡಿಗೂ ಸ್ವಚ್ಛತೆಗೂ ಇದ್ದ ದೂರ ಇಷ್ಟು. 1967ರಲ್ಲಿ ಬಂದ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಓದಿದವರಿಗೆ ಗುತ್ತಿ ಮತ್ತು ತಿಮ್ಮಿಯ ಲೋಕ ಗೊತ್ತು. ಅದು 19ನೇ ಶತಮಾನದ ಕೊನೆಯ ತೀರ್ಥಹಳ್ಳಿ ಸೀಮೆ. ಆ ಲೋಕದಲ್ಲಿ ಆಳಿನ ದುಡಿಮೆ ಒಡೆಯನ ಆಸ್ತಿ.

ಪೇಟೆಯಲ್ಲಿ ಇದಕ್ಕೆ ಇನ್ನೊಂದು ರೂಪ. ರಾಜ್ಯದ ಎಷ್ಟೋ ಪಟ್ಟಣಗಳಲ್ಲಿ ಕಕ್ಕಸು ಮನೆಯ ಹಿಂದೆ ಇರ್ತಿತ್ತು, ಅದರ ಹಿಂದೊಂದು ಓಣಿ. ಮಲ ಬಾಚುವವರು ಆ ಓಣಿಯಲ್ಲೇ ಬಂದು ಬುಟ್ಟಿ ಹೊತ್ತು ಹೋಗಬೇಕು, ಮುಂಬಾಗಿಲಿಗೆ ಕಾಣಿಸಬಾರದು. ಮನೆಯವರ ದಿನಚರಿಯಲ್ಲಿ ಈ ಕೆಲಸದ ಹೆಸರೇ ಇರಲಿಲ್ಲ.

ಇದನ್ನು ನಿಲ್ಲಿಸಿದ್ದು ಯಾರ ಕರುಣೆಯೂ ಅಲ್ಲ. ದೇವರಾಜ ಅರಸು ಸರ್ಕಾರದಲ್ಲಿ ಪೌರಾಡಳಿತ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪ ಅವರು 1970ರ ದಶಕದ ಮೊದಲಲ್ಲೇ ಕರ್ನಾಟಕದಲ್ಲಿ ತಲೆ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಅದೇ ಬಸವಲಿಂಗಪ್ಪ 1973ರ ನವೆಂಬರಿನಲ್ಲಿ ಮೈಸೂರಲ್ಲಿ ಆಡಿದ ‘ಬೂಸಾ’ ಮಾತಿಗೆ ಮಂತ್ರಿಗಿರಿ ಕಳೆದುಕೊಂಡರು. ಆ ಕಿಚ್ಚಿನಿಂದಲೇ ನಮ್ಮ ಜಿಲ್ಲೆಯ ಭದ್ರಾವತಿಯಲ್ಲಿ ಪ್ರೊ. ಬಿ. ಕೃಷ್ಣಪ್ಪ ಅವರ ಮುಂದಾಳತ್ವದಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿತು.

ಕಾನೂನು ಹಿಂದೆ ಹಿಂದೆ ಬಂತು. 1976ರಲ್ಲಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಗೆ 7ಎ ಕಲಂ ಸೇರಿತು. ಅಸ್ಪೃಶ್ಯತೆಯ ಕಾರಣಕ್ಕೆ ಯಾರನ್ನಾದರೂ ಮಲ ಬಾಚಲು, ಕಸ ಗುಡಿಸಲು, ಸತ್ತ ಪ್ರಾಣಿ ಸಾಗಿಸಲು ಬಲವಂತ ಮಾಡಿದರೆ ಅದು ಅಪರಾಧ. ಗಮನಿಸಿ, ಕಸ ಗುಡಿಸಲು ಬಲವಂತ ಮಾಡೋದೂ ಅಪರಾಧ. 1993ರಲ್ಲಿ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆ, 2013ರಲ್ಲಿ ಇನ್ನೂ ಬಿಗಿಯಾದ ಕಾಯ್ದೆ. ಮಧ್ಯದಲ್ಲಿ ಕೆಜಿಎಫ್‌ನ ಬೆಜವಾಡ ವಿಲ್ಸನ್ ಮತ್ತು ಸಫಾಯಿ ಕರ್ಮಚಾರಿ ಆಂದೋಲನದವರ ದೊಡ್ಡ ಹೋರಾಟ ನಡೆಯಿತು. ಇಷ್ಟಾಗಿಯೂ 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಬೇಕಾಯಿತು.

ಈಗ ಫ್ಲ್ಯಾಟಿಗೆ ಬನ್ನಿ. ನಮ್ಮೂರ ಕಡೆಯ ಹುಡುಗರು ಹುಡುಗೀರು ಶಿವಮೊಗ್ಗದಲ್ಲೋ ಬೆಂಗಳೂರಲ್ಲೋ ಒಂದು ಬೆಡ್‌ರೂಮಿನ ಮನೆ ಹಿಡೀತಾರೆ. ಅಲ್ಲಿ ಅಂಗಳ ಇಲ್ಲ, ಹಿತ್ತಲಿಲ್ಲ, ಹಿಂದಿನ ಓಣಿಯೂ ಇಲ್ಲ. ಒಂದೇ ಬಾಗಿಲು. ಅಡುಗೆಮನೆ ಗೋಡೆಗೇ ಕಕ್ಕಸು. ದೊಡ್ಡಮನೆ ಹಾಕಿದ್ದ ಮಡಿಮೈಲಿಗೆಯ ನಕ್ಷೆ ಇಲ್ಲಿ ಕಾಲಿಡಕ್ಕೇ ಜಾಗ ಇಲ್ಲದೆ ಬಿದ್ದುಹೋಗಬೇಕಿತ್ತು. ಆದರೆ ಜಾತಿ ಅಷ್ಟು ಸುಲಭಕ್ಕೆ ಸಾಯಲ್ಲ ಸ್ವಾಮಿ. ಬಾಡಿಗೆ ಕೇಳೋಕೆ ಹೋದರೆ ‘ವೆಜ್ಜಾ?’ ಅಂತಾರೆ. ಕೆಲಸದಮ್ಮನಿಗೆ ಬೇರೆ ಲೋಟ, ಕೆಲವು ಕಡೆ ಬೇರೆ ಲಿಫ್ಟು. ಆಕೆ ತಿಕ್ಕಿ ತೊಳೆದ ಕಕ್ಕಸನ್ನು ಆಕೆಯೇ ಬಳಸುವ ಹಾಗಿಲ್ಲ. ಕರಟ ಹೋಗಿ ಸ್ಟೀಲ್ ಲೋಟ ಬಂತು, ಅಷ್ಟೇ.

ನಮ್ಮವರಿಗೂ ಒಂದು ಮಾತು. ಪೊರಕೆ ನಮ್ಮನ್ನು ಅವಮಾನಿಸಿದೆ ಅಂತ ನಮ್ಮ ಮನೆಯ ಪೊರಕೆಯನ್ನೇ ದ್ವೇಷಿಸಬೇಕಿಲ್ಲ. 1942ರ ಜುಲೈನಲ್ಲಿ ನಾಗಪುರದ ಮಹಿಳಾ ಸಮ್ಮೇಳನದಲ್ಲಿ ಬಾಬಾಸಾಹೇಬರು ಸ್ವಚ್ಛವಾಗಿರೋದನ್ನು ಕಲಿಯಿರಿ ಅಂತ ನಮ್ಮ ಹೆಣ್ಣುಮಕ್ಕಳಿಗೆ ಹೇಳಿದರು. ಹುಟ್ಟಿನ ಕಾರಣಕ್ಕೆ ಇನ್ನೊಬ್ಬರ ಗಲೀಜು ತೆಗೆಯೋದು ಗುಲಾಮಗಿರಿ, ನಮ್ಮ ಗಲೀಜು ನಾವು ತೆಗೆಯೋದು ಸ್ವಾಭಿಮಾನ. ಆದರೆ ಆ ಮಾತನ್ನು ಹೆಂಗಸರ ಮೇಲೇ ಹೊರಿಸಿ, ಸಭೆಯಲ್ಲಿ ಸಮಾನತೆಯ ಭಾಷಣ ಮಾಡಿ, ಮನೆಗೆ ಬಂದು ಉಂಡ ತಟ್ಟೆ ಅಲ್ಲೇ ಬಿಟ್ಟು ಏಳೋ ಗಂಡಸರೇ, ನಿಮ್ಮ ಮನೆಯ ದೊಡ್ಡಮನೆ ಇನ್ನೂ ಬಿದ್ದಿಲ್ಲ!

ಹಾಗಾದರೆ ದಿನಚರಿ ಹೇಗಿರಲಿ? ಕೆಲಸ ಜನಕ್ಕೆ ಅಂಟಬಾರದು, ವಾರಕ್ಕೆ ಅಂಟಬೇಕು. ಉಂಡವರೇ ತಟ್ಟೆ ತೊಳೀಲಿ. ರಾತ್ರಿ ಮಲಗೋ ಮುಂಚೆ ಪಾತ್ರೆ ಖಾಲಿ, ಒಲೆಕಟ್ಟೆ ಒರೆಸಿರಲಿ. ಬೆಳಿಗ್ಗೆ ಹತ್ತು ನಿಮಿಷ ಗುಡಿಸಿದರೆ ಎರಡು ಕೋಣೆ ಮುಗೀತು. ನಮ್ಮ ಕಡೆ ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತೆ. ಬಿಸಿಲು ಕಂಡ ದಿನ ಕಿಟಕಿ, ಬೀರು ತೆಗೆದಿಡಿ. ಕಕ್ಕಸು ವಾರಕ್ಕೆ ಎರಡು ಸಲ, ಸರದಿಯ ಮೇಲೆ. ಈ ವಾರ ಅಪ್ಪ, ಮುಂದಿನ ವಾರ ಮಗ. ಬ್ಲೀಚಿಂಗ್ ಪೌಡರಿನ ಜೊತೆ ಆಸಿಡ್ ಮಾತ್ರ ಬೆರೆಸಬೇಡಿ, ವಿಷದ ಗಾಳಿ ಏಳುತ್ತೆ.

ಕೊನೆಯ ಕೆಲಸವೇ ದೊಡ್ಡದು, ಬಾಗಿಲ ಹೊರಗೆ ಹೋಗೋ ಕಸ. ಹಸಿ, ಒಣ, ಅಪಾಯಕಾರಿ ಅಂತ ಮನೆಯಲ್ಲೇ ಮೂರು ಭಾಗ ಮಾಡಬೇಕು, ಪ್ಯಾಡ್, ಡೈಪರ್ ಸುತ್ತಿ ಕೊಡಬೇಕು ಅಂತ 2016ರ ಘನತ್ಯಾಜ್ಯ ನಿಯಮಗಳೇ ಹೇಳಿದ್ದವು. ನೀವು ಮಾಡದಿದ್ದರೆ ಬೆಳಿಗ್ಗೆ ಒಬ್ಬ ಪೌರಕಾರ್ಮಿಕ ತಾಯಿ ಕೈಹಾಕಿ ಮಾಡಬೇಕು. ಒಡೆದ ಗಾಜು ಹಾಗೇ ಹಾಕಿದರೆ ಕೊಯ್ಯೋದು ಆಕೆಯ ಬೆರಳು. ಪ್ಯಾಡು, ಪ್ಲಾಸ್ಟಿಕ್ಕು ಕಕ್ಕಸಿಗೆ ಹಾಕಿದರೆ ಪೈಪು ಕಟ್ಟುತ್ತೆ. ಆಗ ಯಾರನ್ನೋ ಗುಂಡಿಗೆ ಇಳಿಸುವ ಮಾತು ಬರುತ್ತೆ. ಇಳಿಸೋದು ಅಪರಾಧ, ಯಂತ್ರವನ್ನೇ ಕರೆಸಿ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ಕೊಡಿ ಅಂತ 2014ರಲ್ಲಿ ಹೇಳಿದ್ದ ಸುಪ್ರೀಂ ಕೋರ್ಟು 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಒಂಬತ್ತು ವರ್ಷದಲ್ಲಿ ಪರಿಹಾರ ಏರಿತು, ಸಾವು ನಿಂತಿರಲಿಲ್ಲ.

ನಿಮ್ಮ ಮನೆ ಎಷ್ಟು ಸ್ವಚ್ಛ ಅಂತ ತಿಳಿಯಬೇಕಾದರೆ ನೆಲ ನೋಡಬೇಡಿ. ನಿಮ್ಮ ಕಸ ಎತ್ತಿದವರ ಕೈ ನೋಡಿ.

ಜೈ ಭೀಮ್.