ಚಾವಣಿ ಸೌರ ವಿದ್ಯುತ್: ಗೃಹಬಳಕೆಯ ಆರ್ಥಿಕ ಲಾಭ

ಮನೆಯ ತಾರಸಿಯ ಮೇಲೆ ಕೂರಿಸಿದ ಸೌರಫಲಕಗಳಿಂದ ಬರುವ ವಿದ್ಯುತ್ತು ಮನೆಯವರಿಗೆ ಎರಡು ದಾರಿಯಲ್ಲಿ ಹಣ ಉಳಿಸುತ್ತದೆ. ಒಂದು, ವಿದ್ಯುತ್ ಕಂಪನಿಯಿಂದ ಕೊಳ್ಳಬೇಕಾಗಿದ್ದ ಯೂನಿಟ್‌ಗಳು ಕಡಿಮೆಯಾಗುತ್ತವೆ. ಎರಡು, ಮಿಕ್ಕ ಯೂನಿಟ್‌ಗಳಿಗೆ ಕಂಪನಿ ಹಣ ಕೊಡುತ್ತದೆ. ಕರ್ನಾಟಕದ ಇಂದಿನ ದರಗಳಲ್ಲಿ ಮೊದಲನೆಯದರ ಬೆಲೆ ಎರಡನೆಯದಕ್ಕಿಂತ ಬಹಳ ಹೆಚ್ಚು. ಆದ್ದರಿಂದ ಹೂಡಿದ ಹಣ ಎಷ್ಟು ಬೇಗ ಹಿಂದಿರುಗುತ್ತದೆ ಎಂಬುದು ಫಲಕಗಳ ಸಂಖ್ಯೆಗಿಂತ ಮನೆಯ ಬಳಕೆ, ಸಹಾಯಧನದ ಮಿತಿ, ತಾರಸಿಯ ನೆರಳು ಮತ್ತು ಮೀಟರಿನ ಒಪ್ಪಂದ ಇವುಗಳ ಮೇಲೆ ನಿಂತಿದೆ.

ಹಿನ್ನೆಲೆ

ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು (ಕೆಇಆರ್‌ಸಿ) 2013ರಲ್ಲಿ ಚಾವಣಿ ಸೌರ ವಿದ್ಯುತ್ತಿಗೆ, ಸಹಾಯಧನ ಪಡೆಯದ ಘಟಕಗಳಿಗೆ, ಯೂನಿಟ್‌ಗೆ ₹9.56ರ ಖರೀದಿ ದರ ನಿಗದಿ ಮಾಡಿತು. ಮನೆಯವರು ಕೊಳ್ಳುವ ಕರೆಂಟಿಗಿಂತ ಮಾರುವ ಕರೆಂಟೇ ತುಟ್ಟಿಯಾಗಿದ್ದ ಕಾಲ ಅದು. ಹಾಗಾಗಿ ಆಗ ತಾರಸಿ ತುಂಬ ಫಲಕ ಹಾಕುವುದೇ ಲಾಭದ ದಾರಿಯಾಗಿತ್ತು. ಫಲಕಗಳ ಬೆಲೆ ಇಳಿಯುತ್ತಾ ಹೋದಂತೆ ಆಯೋಗವೂ ಹೊಸ ಒಪ್ಪಂದಗಳ ಖರೀದಿ ದರವನ್ನು ಹಂತಹಂತವಾಗಿ ಇಳಿಸಿತು. ಈಗ ಆ ಲೆಕ್ಕ ತಲೆಕೆಳಗಾಗಿದೆ: ವಿದ್ಯುತ್ ಕಂಪನಿ ಕೊಡುವ ದರ ಅದು ವಿಧಿಸುವ ದರಕ್ಕಿಂತ ಕಡಿಮೆ. ಹತ್ತು ವರ್ಷದ ಹಿಂದೆ ಹಾಕಿಸಿಕೊಂಡ ನೆಂಟರ ಸಲಹೆ ಇಂದಿನ ಮನೆಗೆ ಹೊಂದದಿರುವುದು ಇದರಿಂದಲೇ.

2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು ₹75,021 ಕೋಟಿ ವೆಚ್ಚದಲ್ಲಿ ಒಂದು ಕೋಟಿ ಮನೆಗಳ ಗುರಿಯಿಟ್ಟು 'ಪಿಎಂ ಸೂರ್ಯ ಘರ್: ಮುಫ್ತ್ ಬಿಜ್ಲಿ ಯೋಜನೆ'ಯನ್ನು ಆರಂಭಿಸಿತು. 2025ರ ಸೆಪ್ಟೆಂಬರ್ 22ರಿಂದ ಸೌರ ಉಪಕರಣಗಳ ಮೇಲಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿಯಿತು.

ಉಳಿಯುವುದು ಯಾವುದು, ಉಳಿಯದ್ದು ಯಾವುದು

ಕರೆಂಟ್ ಬಿಲ್ಲಿನಲ್ಲಿ ಮುಖ್ಯವಾಗಿ ಎರಡು ಭಾಗಗಳಿವೆ. ಬಳಸಿದ ಯೂನಿಟ್‌ಗೆ ತಕ್ಕಂತೆ ಬರುವುದು ವಿದ್ಯುತ್ ಶುಲ್ಕ. ಅದರ ಜೊತೆ ತೆರಿಗೆ, ಸರ್‌ಚಾರ್ಜ್ ಸೇರುತ್ತವೆ. ಮಂಜೂರಾದ ಲೋಡಿಗೆ ತಕ್ಕಂತೆ, ಒಂದು ಯೂನಿಟ್ಟೂ ಬಳಸದಿದ್ದರೂ ಬರುವುದು ನಿಗದಿತ ಶುಲ್ಕ. ಸೌರಫಲಕ ಮೊದಲನೆಯದನ್ನು ಮಾತ್ರ ಕರಗಿಸಬಲ್ಲದು. 'ಬಿಲ್ ಸೊನ್ನೆ' ಎಂಬ ಮಾರಾಟಗಾರರ ಮಾತನ್ನು ಈ ಮಿತಿಯೊಳಗೆ ಅರ್ಥಮಾಡಿಕೊಳ್ಳಬೇಕು.

ಹಿಂದೆ ಗೃಹಬಳಕೆಯ ದರ ಸ್ಲ್ಯಾಬ್‌ಗಳಲ್ಲಿ ಏರುತ್ತಿತ್ತು. ಫಲಕಗಳು ಮೊದಲು ಉಳಿಸುತ್ತಿದ್ದುದು ತುದಿಯ ತುಟ್ಟಿ ಯೂನಿಟ್‌ಗಳನ್ನು. 2024ರ ಏಪ್ರಿಲ್‌ನಿಂದ ಕರ್ನಾಟಕದಲ್ಲಿ ಗೃಹಬಳಕೆಗೆ ಯೂನಿಟ್‌ಗೆ ₹5.90ರ ಒಂದೇ ದರ ಬಂತು. ಮರುವರ್ಷ ಅದು ₹5.80 ಆಯಿತು. ಇದರಿಂದ ಹೆಚ್ಚು ಬಳಸುವ ಮನೆಗಳಿಗೆ ಸೌರ ವಿದ್ಯುತ್ತಿನಿಂದ ಆಗುವ ಉಳಿತಾಯ ಹಿಂದಿಗಿಂತ ತುಸು ಕುಗ್ಗಿದೆ. ಸ್ಲ್ಯಾಬ್ ದರ ಇನ್ನೂ ಉಳಿದಿರುವ ಕೇರಳ, ಮಹಾರಾಷ್ಟ್ರಗಳಲ್ಲಿ ಹಳೆಯ ಲೆಕ್ಕವೇ ನಡೆಯುತ್ತದೆ.

ಮೀಟರಿಂಗ್ ವಿಧಗಳು

ನೆಟ್ ಮೀಟರಿಂಗ್‌ನಲ್ಲಿ ಮನೆ ಗ್ರಿಡ್‌ನಿಂದ ಎಳೆದ ಯೂನಿಟ್‌ಗಳಿಂದ ಗ್ರಿಡ್‌ಗೆ ಕಳಿಸಿದ ಯೂನಿಟ್‌ಗಳನ್ನು ಕಳೆದು, ಉಳಿದದ್ದಕ್ಕೆ ಬಿಲ್ ಬರುತ್ತದೆ. ಕಳಿಸಿದ್ದೇ ಹೆಚ್ಚಾದರೆ ಆ ಹೆಚ್ಚುವರಿಗೆ ಮಾತ್ರ ಆಯೋಗ ನಿಗದಿಪಡಿಸಿದ ದರ ಸಿಗುತ್ತದೆ. ಗ್ರಾಸ್ ಮೀಟರಿಂಗ್‌ನಲ್ಲಿ ಉತ್ಪಾದನೆಯೆಲ್ಲ ಖರೀದಿ ದರದಲ್ಲಿ ಗ್ರಿಡ್‌ಗೆ ಹೋಗುತ್ತದೆ, ಮನೆಯ ಬಳಕೆಗೆ ಎಂದಿನಂತೆ ಪೂರ್ತಿ ಬಿಲ್ ಬರುತ್ತದೆ. ಖರೀದಿ ದರ ಕಡಿಮೆ ಇರುವಾಗ ಮನೆಗಳಿಗೆ ನೆಟ್ ಮೀಟರಿಂಗ್ ಮೇಲು.

ನೆಟ್ ಮೀಟರಿಂಗ್‌ನಲ್ಲಿ ಗ್ರಿಡ್ಡೇ ಕಣಜವಿದ್ದಂತೆ. ಮಧ್ಯಾಹ್ನ ಕಳಿಸಿದ ಯೂನಿಟ್ಟು ರಾತ್ರಿ ಅದೇ ಬೆಲೆಗೆ ವಾಪಸ್ಸು ಬರುತ್ತದೆ. ಆದ್ದರಿಂದ ಬಾವಿಯ ಮೋಟಾರ್, ವಾಷಿಂಗ್ ಮೆಷಿನ್, ಗ್ರೈಂಡರ್‌ಗಳನ್ನು ಬಿಸಿಲಿರುವಾಗಲೇ ಓಡಿಸಬೇಕೆಂಬ ಸಲಹೆಗೆ ಸದ್ಯದ ಲೆಕ್ಕದಲ್ಲಿ ಹೆಚ್ಚಿನ ಮಹತ್ವವಿಲ್ಲ. ಆದರೆ ಹೊತ್ತಿಗೊಂದು ದರ ವಿಧಿಸುವ ಪದ್ಧತಿಗೆ 2023ರ ಕೇಂದ್ರ ನಿಯಮಗಳು ದಾರಿ ತೆರೆದಿವೆ. ಅದರಲ್ಲಿ ಬಿಸಿಲಿನ ಹೊತ್ತಿನ ಕರೆಂಟ್ ಅಗ್ಗ, ಬೇಡಿಕೆ ಏರುವ ಸಂಜೆಯ ಕರೆಂಟ್ ತುಟ್ಟಿ. ಅದು ಗೃಹಬಳಕೆಗೂ ಜಾರಿಯಾದ ಕಡೆ ಹಗಲಿನ ಬಳಕೆಗೆ ನಿಜವಾದ ಬೆಲೆ ಬರುತ್ತದೆ.

ಸಹಾಯಧನ ಮತ್ತು ಸಾಲ

ಸೂರ್ಯ ಘರ್ ಯೋಜನೆಯಲ್ಲಿ ಮೊದಲ 2 ಕಿಲೋವ್ಯಾಟ್‌ಗೆ ತಲಾ ₹30,000, ಮೂರನೆಯ ಕಿಲೋವ್ಯಾಟ್‌ಗೆ ₹18,000 ಸಿಗುತ್ತದೆ. ಘಟಕ ಎಷ್ಟೇ ದೊಡ್ಡದಿರಲಿ, ಒಟ್ಟು ಸಹಾಯಧನ ₹78,000 ದಾಟುವುದಿಲ್ಲ. ವಸತಿ ಸಮುಚ್ಚಯಗಳ ಲಿಫ್ಟ್, ಪಂಪು, ದೀಪಗಳಂಥ ಸಾಮಾನ್ಯ ಸೌಲಭ್ಯಗಳಿಗೆ ಕಿಲೋವ್ಯಾಟ್‌ಗೆ ₹18,000 ಇದೆ. ಫಲಕ ಮತ್ತು ಅದರೊಳಗಿನ ಕೋಶ ಎರಡೂ ಭಾರತದಲ್ಲೇ ತಯಾರಾಗಿರಬೇಕೆಂಬುದು ಷರತ್ತು. ಅಗ್ಗವೆಂದು ಆಮದು ಫಲಕ ಹಾಕಿಸಿಕೊಂಡರೆ ಸಹಾಯಧನ ಕೈತಪ್ಪುತ್ತದೆ. ಅರ್ಜಿ ಹೋಗುವುದು ಬಿಲ್ಲಿನಲ್ಲಿರುವ ಗ್ರಾಹಕ ಸಂಖ್ಯೆಯ ಆಧಾರದ ಮೇಲೆ. ವಿದ್ಯುತ್ ಸಂಪರ್ಕವು ತೀರಿಕೊಂಡ ಅಜ್ಜನ ಅಥವಾ ಹಳೆಯ ಮಾಲೀಕರ ಹೆಸರಿನಲ್ಲೇ ಉಳಿದಿದ್ದರೆ ಮೊದಲು ಹೆಸರು ಬದಲಾವಣೆ ಮಾಡಿಸಿಕೊಳ್ಳುವುದು ಒಳ್ಳೆಯದು. ಹಣ ಬ್ಯಾಂಕ್ ಖಾತೆಗೆ ಬರುವುದು ಘಟಕ ಚಾಲನೆಗೊಂಡ ನಂತರ.

3 ಕಿಲೋವ್ಯಾಟ್‌ವರೆಗಿನ ಘಟಕಕ್ಕೆ ಸರ್ಕಾರಿ ಬ್ಯಾಂಕುಗಳು ಜಾಮೀನಿಲ್ಲದೆ, ರೆಪೊ ದರಕ್ಕೆ ಹೊಂದಿಕೊಂಡ ಕಡಿಮೆ ಬಡ್ಡಿಗೆ ಸಾಲ ಕೊಡುತ್ತವೆ. ಶೇ. 7ರ ಬಡ್ಡಿಯಲ್ಲಿ ಐದು ವರ್ಷದ ಒಂದು ಲಕ್ಷ ರೂಪಾಯಿ ಸಾಲಕ್ಕೆ ತಿಂಗಳ ಕಂತು ಸುಮಾರು ₹1,980. ಉಳಿತಾಯ ಈ ಕಂತನ್ನು ಮುಟ್ಟುತ್ತದೆಯೇ ಎಂದು ನೋಡುವುದು ಮನೆಮಟ್ಟದ ಸರಳ ಪರೀಕ್ಷೆ.

ಗಾತ್ರದ ಲೆಕ್ಕ

ಕರ್ನಾಟಕದ ಬಿಸಿಲಿನಲ್ಲಿ 1 ಕಿಲೋವ್ಯಾಟ್ ಘಟಕ ದಿನಕ್ಕೆ ಸರಾಸರಿ 4 ಯೂನಿಟ್, ವರ್ಷಕ್ಕೆ ಸುಮಾರು 1,400 ಯೂನಿಟ್ ಕೊಡುತ್ತದೆ. ಅದಕ್ಕೆ ನೆರಳಿಲ್ಲದ ಸುಮಾರು 100 ಚದರ ಅಡಿ ಜಾಗ ಬೇಕು.

ತಿಂಗಳಿಗೆ 300 ಯೂನಿಟ್, ಅಂದರೆ ವರ್ಷಕ್ಕೆ 3,600 ಯೂನಿಟ್ ಬಳಸುವ ಮನೆಯೊಂದನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಕಿಲೋವ್ಯಾಟ್‌ಗೆ ₹60,000 ಖರ್ಚು, ಉಳಿಸಿದ ಯೂನಿಟ್‌ಗೆ ತೆರಿಗೆ, ಸರ್‌ಚಾರ್ಜ್ ಸೇರಿ ₹6.50, ಮಾರಿದ ಯೂನಿಟ್‌ಗೆ ₹3 ಎಂದು ಇಟ್ಟುಕೊಂಡರೆ ವಾರ್ಷಿಕ ಲೆಕ್ಕ ಹೀಗಾಗುತ್ತದೆ:

2 ಕಿಲೋವ್ಯಾಟ್: ಸಹಾಯಧನ ಕಳೆದು ₹60,000 ಹೂಡಿಕೆ, ವರ್ಷದ ಲಾಭ ₹18,200, ಹಣ ಮರಳಲು ಸುಮಾರು 3.3 ವರ್ಷ.

3 ಕಿಲೋವ್ಯಾಟ್: ₹1,02,000 ಹೂಡಿಕೆ, ವರ್ಷದ ಲಾಭ ₹25,200, ಸುಮಾರು 4 ವರ್ಷ.

5 ಕಿಲೋವ್ಯಾಟ್: ₹2,22,000 ಹೂಡಿಕೆ, ವರ್ಷದ ಲಾಭ ₹33,600, ಸುಮಾರು 6.6 ವರ್ಷ.

5 ಕಿಲೋವ್ಯಾಟ್‌ನ ಲೆಕ್ಕವೂ ಮೇಲುನೋಟಕ್ಕೆ ಚೆನ್ನಾಗಿಯೇ ಕಾಣುತ್ತದೆ. ಆದರೆ ಕೊನೆಯ ಎರಡು ಕಿಲೋವ್ಯಾಟ್‌ಗಳನ್ನೇ ಬೇರೆಯಾಗಿ ಎಣಿಸಿದರೆ, ಅವಕ್ಕೆ ಹೆಚ್ಚಿಗೆ ಹಾಕಿದ್ದು ₹1,20,000, ಅವುಗಳಿಂದ ಹೆಚ್ಚಿಗೆ ಬಂದದ್ದು ವರ್ಷಕ್ಕೆ ₹8,400. ಆ ಹಣ ಮರಳಲು 14 ವರ್ಷ ದಾಟಬೇಕು. ಮೂರನೆಯ ಕಿಲೋವ್ಯಾಟ್‌ನ ಹಣವೂ ಮೊದಲೆರಡರಷ್ಟು ಬೇಗ ಬರುವುದಿಲ್ಲ. ಅದಕ್ಕೆ 6 ವರ್ಷ ಬೇಕು. ಹೀಗೆ ಮನೆಯ ಬಳಕೆ ಮುಗಿದ ಕಡೆ ಮತ್ತು ಸಹಾಯಧನ ನಿಂತ ಕಡೆ ಲಾಭದ ವೇಗ ತಗ್ಗುತ್ತದೆ. ಮುಂದೆ ವಿದ್ಯುತ್ ಸ್ಕೂಟರ್, ಇಂಡಕ್ಷನ್ ಒಲೆ, ಎ.ಸಿ. ಬರುವ ಮನೆಯಾದರೆ ಆ ಬಳಕೆಯನ್ನು ಸೇರಿಸಿಯೇ ಗಾತ್ರ ನಿರ್ಧರಿಸಬಹುದು. ಹಿಂದಿನ ಹನ್ನೆರಡು ತಿಂಗಳ ಬಿಲ್‌ಗಳನ್ನು ಮುಂದಿಟ್ಟುಕೊಂಡು ಕೂಡುವುದೇ ಇದಕ್ಕೆ ನಂಬುವಂಥ ದಾರಿ.

ಬಿಲ್ಲಿನ ಉಳಿತಾಯ ಆದಾಯವಲ್ಲದ ಕಾರಣ ಅದಕ್ಕೆ ಆದಾಯ ತೆರಿಗೆಯಿಲ್ಲ. ಬ್ಯಾಂಕ್ ಠೇವಣಿಯ ಬಡ್ಡಿಯೊಂದಿಗೆ ಹೋಲಿಸುವಾಗ ಇದನ್ನೂ ಗಣಿಸಬೇಕು.

ತಾರಸಿ ಮತ್ತು ಅಳವಡಿಕೆ

ಕರ್ನಾಟಕದಲ್ಲಿ ಫಲಕಗಳು ದಕ್ಷಿಣಕ್ಕೆ ಮುಖಮಾಡಿ, ಊರಿನ ಅಕ್ಷಾಂಶದಷ್ಟು ಓರೆಯಾಗಿರುವುದು ರೂಢಿ: ಬೆಂಗಳೂರಿನಲ್ಲಿ ಸುಮಾರು 13 ಡಿಗ್ರಿ, ಬೀದರಿನಲ್ಲಿ ಸುಮಾರು 18 ಡಿಗ್ರಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಬೆಂಗಳೂರಿನಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕೇ ಇರುವುದರಿಂದ, ಜಾಗವಿಲ್ಲದೆ ಪೂರ್ವಕ್ಕೋ ಪಶ್ಚಿಮಕ್ಕೋ ತಿರುಗಿಸಿದರೆ ಆಗುವ ನಷ್ಟ ದೊಡ್ಡದಲ್ಲ.

ನೆರಳಿನ ನಷ್ಟ ಮಾತ್ರ ದೊಡ್ಡದು. ಸಾಮಾನ್ಯ ಇನ್ವರ್ಟರ್‌ಗೆ ಸಾಲಾಗಿ ಜೋಡಿಸಿದ ಫಲಕಗಳಲ್ಲಿ ಒಂದರ ಮೇಲೆ ನೀರಿನ ಟ್ಯಾಂಕಿನ ನೆರಳೋ ತೆಂಗಿನ ಗರಿಯ ನೆರಳೋ ಬಿದ್ದರೆ ಇಡೀ ಸಾಲಿನ ಉತ್ಪಾದನೆ ಸೊರಗಬಹುದು. ನೆರಳು ಅತಿ ಉದ್ದವಾಗುವುದು ಡಿಸೆಂಬರ್‌ನಲ್ಲಿ. ಡಿಸೆಂಬರ್ 22ರ ನಡುಹಗಲಿನಲ್ಲಿ ಬೆಂಗಳೂರಿನಲ್ಲಿ ಒಂದು ಮೀಟರ್ ಎತ್ತರದ ಪ್ಯಾರಾಪೆಟ್ ಗೋಡೆಯ ನೆರಳು ಉತ್ತರಕ್ಕೆ ಸುಮಾರು 74 ಸೆಂಟಿಮೀಟರ್ ಚಾಚುತ್ತದೆ. ಬೆಳಗ್ಗೆ, ಸಂಜೆ ಇನ್ನೂ ಉದ್ದ. ಮೇ ತಿಂಗಳಲ್ಲಿ ಜಾಗ ನೋಡಿ ಗುರುತು ಹಾಕಿದವರು ಇದನ್ನು ಮರೆಯುವುದುಂಟು. ನೆರಳು ತಪ್ಪಿಸಲಾಗದ ಕಡೆ ಪ್ರತಿ ಫಲಕಕ್ಕೂ ಮೈಕ್ರೋ ಇನ್ವರ್ಟರ್ ಅಥವಾ ಆಪ್ಟಿಮೈಸರ್ ಹಾಕಿಸಬಹುದು. ಅದರ ಹೆಚ್ಚುವರಿ ಬೆಲೆ ಉಳಿಯುವ ಯೂನಿಟ್‌ಗಳಿಂದ ಹುಟ್ಟುತ್ತದೆಯೇ ಎಂದು ಮೊದಲೇ ನೋಡಬೇಕು.

ಬಿಸಿಲು ಬೇಕಾದರೂ ಕಾವು ಒಳ್ಳೆಯದಲ್ಲ. ಕೋಶದ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಪ್ರತಿ ಡಿಗ್ರಿಗೆ ಉತ್ಪಾದನೆ ಶೇ. 0.3ರಿಂದ 0.4ರಷ್ಟು ಇಳಿಯುತ್ತದೆ. ಕೋಶ 60 ಡಿಗ್ರಿ ಮುಟ್ಟಿದರೆ ಹತ್ತರಲ್ಲಿ ಒಂದು ಪಾಲಿಗೂ ಹೆಚ್ಚು ಹೋಯಿತು. ಫಲಕದ ಅಡಿ ಗಾಳಿಯಾಡಲು ಸಂದು ಬಿಡುವುದು ಇದಕ್ಕಾಗಿ. ಕರಾವಳಿಯಲ್ಲಿ ಉಪ್ಪುಗಾಳಿಗೆ ತುಕ್ಕು ಹಿಡಿಯದ ಅಲ್ಯೂಮಿನಿಯಂ ಅಥವಾ ಸತು ಲೇಪಿಸಿದ ಉಕ್ಕಿನ ಚೌಕಟ್ಟು ಅಗತ್ಯ.

ಘಟಕ ಮಂಜೂರಾದ ಲೋಡಿನೊಳಗೆ ಇರಬೇಕು. 2024ರ ತಿದ್ದುಪಡಿಯಾದ ಕೇಂದ್ರ ನಿಯಮಗಳ ಪ್ರಕಾರ 10 ಕಿಲೋವ್ಯಾಟ್‌ವರೆಗಿನ ಅರ್ಜಿಗಳಿಗೆ ತಾಂತ್ರಿಕ ಕಾರ್ಯಸಾಧ್ಯತೆಯ ಪರಿಶೀಲನೆ ಬೇಕಿಲ್ಲ. ಆದರೆ ಘಟಕ ಮಂಜೂರಾದ ಲೋಡನ್ನು ಮೀರಿದರೆ ಲೋಡ್ ಏರಿಸಬೇಕಾಗುತ್ತದೆ, ಲೋಡ್ ಏರಿದರೆ ನಿಗದಿತ ಶುಲ್ಕವೂ ಏರುತ್ತದೆ. ಅತಿ ದೊಡ್ಡ ಘಟಕ ಕೊಳ್ಳದಿರಲು ಇದು ಇನ್ನೊಂದು ಕಾರಣ.

ಬ್ಯಾಟರಿ

ಗ್ರಿಡ್‌ಗೆ ಜೋಡಿಸಿದ ಸಾಮಾನ್ಯ ಘಟಕವು ಕರೆಂಟ್ ಹೋದಾಗ ಬಿಸಿಲಿದ್ದರೂ ತಾನಾಗಿ ನಿಲ್ಲುತ್ತದೆ. ದುರಸ್ತಿಗೆ ಕಂಬ ಹತ್ತಿದ ಲೈನ್‌ಮನ್‌ಗೆ ಮನೆಯಿಂದ ಹರಿದ ಕರೆಂಟ್ ತಗುಲಬಾರದೆಂಬ ಸುರಕ್ಷತಾ ಏರ್ಪಾಡು ಇದು. ಕರೆಂಟ್ ಹೋದಾಗಲೂ ಬೇಕೆಂದರೆ ಹೈಬ್ರಿಡ್ ಇನ್ವರ್ಟರ್ ಮತ್ತು ಬ್ಯಾಟರಿ ಬೇಕು. ನೆಟ್ ಮೀಟರಿಂಗ್ ಇರುವಾಗ ಬ್ಯಾಟರಿ ಉಳಿತಾಯವನ್ನು ಹೆಚ್ಚಿಸುವುದಿಲ್ಲ, ಹಣ ಮರಳುವ ಅವಧಿಯನ್ನು ಉದ್ದಮಾಡುತ್ತದೆ. ಅದನ್ನು ಅನುಕೂಲದ ಖರ್ಚೆಂದು ಎಣಿಸುವುದು ಸರಿ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟಿಲ್ಲದ ಮಲೆನಾಡಿನ ಒಂಟಿಮನೆಗಳಿಗೆ ಆ ಅನುಕೂಲವೇ ದೊಡ್ಡದಾಗಬಹುದು.

ನಿರ್ವಹಣೆ

ಧೂಳು, ಹಕ್ಕಿಯ ಹಿಕ್ಕೆ, ಒಣಎಲೆಗಳು ಉತ್ಪಾದನೆಯನ್ನು ಸದ್ದಿಲ್ಲದೆ ತಿನ್ನುತ್ತವೆ. ಒಣಹವೆಯಲ್ಲಿ ಎರಡು ವಾರಕ್ಕೊಮ್ಮೆ, ಫಲಕ ಕಾಯುವ ಮೊದಲು ಬೆಳಗ್ಗೆ ಮೃದು ಬಟ್ಟೆಯಿಂದ ತೊಳೆಯುವುದು ಸಾಕು. ಬೋರ್‌ವೆಲ್‌ನ ಗಡಸು ನೀರು ಒಣಗಿದರೆ ಗಾಜಿನ ಮೇಲೆ ಬಿಳಿ ಪದರ ಕಟ್ಟುತ್ತದೆ; ಹಿಡಿದಿಟ್ಟ ಮಳೆನೀರು ಇದಕ್ಕೆ ಉತ್ತಮ. ಇನ್ವರ್ಟರ್‌ನ ಪರದೆ ಅಥವಾ ಮೊಬೈಲ್ ಆ್ಯಪ್‌ನಲ್ಲಿ ದಿನದ ಯೂನಿಟ್ ನೋಡುವ ಅಭ್ಯಾಸವೂ ಬೇಕು. ನಿರಭ್ರ ಬೇಸಿಗೆಯ ದಿನ 3 ಕಿಲೋವ್ಯಾಟ್ ಘಟಕ 12 ಯೂನಿಟ್‌ಗಿಂತ ಬಹಳ ಕೆಳಗೆ ಇಳಿದರೆ ಎಲ್ಲೋ ದೋಷವಿದೆ ಎಂದರ್ಥ. ಮುಂಗಾರಿನ ತಿಂಗಳುಗಳಲ್ಲಿ ಇಳಿಯುವುದು ಸಹಜ.

ಫಲಕಗಳ ಉತ್ಪಾದನೆಗೆ ತಯಾರಕರು ಸಾಮಾನ್ಯವಾಗಿ 25 ವರ್ಷದ ವಾರಂಟಿ ಕೊಡುತ್ತಾರೆ; ಸಾಮರ್ಥ್ಯ ವರ್ಷಕ್ಕೆ ಶೇ. ಅರ್ಧದಿಂದ ಮುಕ್ಕಾಲರಷ್ಟು ಕುಗ್ಗುತ್ತದೆ. ಇನ್ವರ್ಟರ್‌ನ ವಾರಂಟಿ ಸಾಮಾನ್ಯವಾಗಿ 5ರಿಂದ 10 ವರ್ಷ. ಘಟಕದ ಆಯುಷ್ಯದಲ್ಲಿ ಒಮ್ಮೆಯಾದರೂ ಅದನ್ನು ಬದಲಿಸಬೇಕಾಗುತ್ತದೆ ಎಂದು ಮೊದಲೇ ಹಣ ಎತ್ತಿಡಬೇಕು.

ಲಾಭ ಕಡಿಮೆಯಾಗುವ ಸಂದರ್ಭಗಳು

ಕರ್ನಾಟಕ ಸರ್ಕಾರದ ಗೃಹಜ್ಯೋತಿ ಯೋಜನೆ 2023ರ ಜುಲೈನಿಂದ ಜಾರಿಯಲ್ಲಿದೆ. ತಿಂಗಳಿಗೆ 200 ಯೂನಿಟ್ ಮಿತಿಯೊಳಗೆ, ಮನೆಯ 2022–23ರ ಸರಾಸರಿ ಬಳಕೆಗೆ ಶೇ. 10 ಸೇರಿಸಿದಷ್ಟು ವಿದ್ಯುತ್ತು ಅದರಲ್ಲಿ ಉಚಿತ. ಹೀಗೆ ಈಗಾಗಲೇ ಬಿಲ್ ಸೊನ್ನೆಯಾಗಿರುವ ಮನೆಗೆ ಫಲಕಗಳಿಂದ ಉಳಿಸಲು ಬಿಲ್ಲೇ ಇಲ್ಲ. ಸೋಲಾರ್ ವಾಟರ್ ಹೀಟರ್ ಇರುವ ಚಿಕ್ಕ ಸಂಸಾರಗಳಲ್ಲಿ ಬಳಕೆ ಅನೇಕ ವೇಳೆ ಈ ಮಿತಿಯೊಳಗೇ ಇರುತ್ತದೆ. ಬಾಡಿಗೆ ಮನೆ, ಕೆಲವೇ ವರ್ಷದಲ್ಲಿ ಮೇಲಂತಸ್ತು ಕಟ್ಟಲಿರುವ ಮನೆ, ಪಕ್ಕದ ನಿವೇಶನದಲ್ಲಿ ಎತ್ತರದ ಕಟ್ಟಡ ಏಳಲಿರುವ ಮನೆ ಇವುಗಳಲ್ಲೂ ಹೂಡಿಕೆ ಅನುಮಾನಾಸ್ಪದ. ತಿಂಗಳಿಗೆ 200 ಯೂನಿಟ್ ದಾಟಿ ಪೂರ್ತಿ ಬಿಲ್ ಕಟ್ಟುವ, ನೆರಳಿಲ್ಲದ 200ರಿಂದ 300 ಚದರ ಅಡಿ ಸ್ವಂತ ತಾರಸಿಯುಳ್ಳ ಮನೆಗೆ, ಇಂದಿನ ದರ ಮತ್ತು ಸಹಾಯಧನದಲ್ಲಿ, 2ರಿಂದ 3 ಕಿಲೋವ್ಯಾಟ್‌ನ ಘಟಕವೇ ಅತಿ ಬೇಗ ಹಣ ಹಿಂದಿರುಗಿಸುತ್ತದೆ.